ಸ್ಥಾಯಿಗೆ 31 ಕೀಲಿ: ಕ್ಲಾವೆಮುಸಿಕುಮ್ ಓಮ್ನಿಟೋನುಮ್
ತಯಾರಕ: ವೀಟೋ ತ್ರಾಸುಂತಿನೋ, ವೆನಿಸ್, 1606
ಸಂಗೀತ ವಸ್ತುಸಂಗ್ರಹಾಲಯ, ಬೊಲೋನ್ಯಾ, ಇಟಲಿ

ಕಾಮಾ ಎಂಬ ಕಿರು ಅಂತರ
ಷಡ್ಜದಿಂದ 3:2 ಅನುಪಾತದ ಶುದ್ಧ ಪಂಚಮವನ್ನು ನಾಲ್ಕು ಸಲ ಏರಿ, ಎರಡು ಸ್ಥಾಯಿ ಇಳಿದರೆ ಗಾಂಧಾರ ಸಿಗುತ್ತದೆ. ಅದು 5:4ರ ಶುದ್ಧ ಗಾಂಧಾರಕ್ಕಿಂತ 81:80ರಷ್ಟು ಮೇಲಿರುತ್ತದೆ. ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ಈ ಅಂತರ ಸುಮಾರು 21.5 ಸೆಂಟ್. ಇದೇ ಕಾಮಾ. 16ನೇ ಶತಮಾನದ ಇಟಲಿಯಲ್ಲಿ ಪ್ರತಿ ಪಂಚಮವನ್ನೂ ಕಾಲು ಕಾಮಾ ತಗ್ಗಿಸಿ, ಗಾಂಧಾರವನ್ನು ಶುದ್ಧವಾಗಿ ಉಳಿಸಿಕೊಳ್ಳುವ ಶ್ರುತಿಕ್ರಮ ರೂಢಿಗೆ ಬಂತು.

ಒಡೆದ ಸ್ವರಗಳು
ಇಂಥ ಮೂರು ಗಾಂಧಾರಗಳನ್ನು ಒಂದರ ಮೇಲೊಂದು ಏರಿಸಿದರೆ ಪೂರ್ಣ ಸ್ಥಾಯಿಗೆ ಸುಮಾರು 41 ಸೆಂಟ್ ಕಡಿಮೆ ಬೀಳುತ್ತದೆ. ಹಾಗಾಗಿ ಜಿ ಶಾರ್ಪ್ ಮತ್ತು ಎ ಫ್ಲ್ಯಾಟ್ ಬೇರೆ ಬೇರೆ ಸ್ವರಗಳಾಗುತ್ತವೆ. 12 ಕೀಲಿಗಳ ವಾದ್ಯದಲ್ಲಿ ಅವುಗಳಲ್ಲಿ ಒಂದಕ್ಕಷ್ಟೇ ಜಾಗ.

125 ಕೀಲಿಗಳ ಉತ್ತರ
ತಗ್ಗಿಸಿದ ಪಂಚಮದಲ್ಲಿ 31 ಸಲ ಏರಿದರೆ, ಸ್ಥಾಯಿಗಳನ್ನು ಕಳೆದ ಮೇಲೆ, ಹೊರಟ ಸ್ವರಕ್ಕೆ ಕೇವಲ 6 ಸೆಂಟ್ ಹತ್ತಿರ ಬರುತ್ತೇವೆ. ಹಾಗಾಗಿ 31 ಸ್ವರಗಳಿದ್ದರೆ ಚಕ್ರ ಬಹುತೇಕ ಪೂರ್ಣ. ನಾಲ್ಕು ಸ್ಥಾಯಿಗಳ ಈ ವಾದ್ಯದಲ್ಲಿ ಮೇಲಿನ ಕೀಲಿಗಳು ಹಂತಹಂತವಾಗಿರುವುದನ್ನು ಗಮನಿಸಿ. ನುಡಿಸುವವರು ಯಾವ ಸ್ವರದಿಂದ ಆರಂಭಿಸಿದರೂ ಶುದ್ಧ ಗಾಂಧಾರ ಕೈಗೆ ಸಿಗಲೆಂದೇ ಈ ಏರ್ಪಾಡು.