ತೆರೆಯ ಮೇಲೆ ‘ದೇವದಾಸ’: ಒಂದು ಕಾದಂಬರಿಯ ಚಿತ್ರರೂಪಗಳು

ಭಾರತೀಯ ಚಿತ್ರರಂಗದಲ್ಲಿ ಮತ್ತೆ ಮತ್ತೆ ತೆರೆಗೆ ಬಂದ ಪ್ರೇಮಕಥೆಗಳ ಸಾಲಿನಲ್ಲಿ ಶರಚ್ಚಂದ್ರ ಚಟ್ಟೋಪಾಧ್ಯಾಯರ ‘ದೇವದಾಸ’ ಕಾದಂಬರಿಗೆ ವಿಶಿಷ್ಟ ಸ್ಥಾನವಿದೆ. ಶರಚ್ಚಂದ್ರರು ಎಳೆಯ ವಯಸ್ಸಿನಲ್ಲಿ ಬರೆದು, ಪ್ರಕಟಿಸಲು ಬಹುಕಾಲ ಹಿಂಜರಿದು, ಕಡೆಗೆ 1917ರಲ್ಲಿ ಹೊರತಂದ ಈ ಕಿರುಗಾತ್ರದ ಬಂಗಾಳಿ ಕೃತಿ, ನರೇಶ್ ಮಿತ್ರ ಅವರು 1928ರಲ್ಲಿ ನಿರ್ದೇಶಿಸಿದ ಮೂಕಿಚಿತ್ರದಿಂದ ಮೊದಲ್ಗೊಂಡು ಬಂಗಾಳಿ, ಹಿಂದಿ, ಅಸ್ಸಾಮಿ, ತೆಲುಗು, ತಮಿಳು ಮೊದಲಾದ ಭಾಷೆಗಳಲ್ಲಿ ಚಿತ್ರವಾಗಿದ್ದು, ನೆರೆಯ ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿಯೂ ರೂಪಾಂತರಗೊಂಡಿದೆ. ಈ ಚಿತ್ರಗಳನ್ನು ಹೋಲಿಸುವಾಗ ಸೈಗಲ್, ದಿಲೀಪ್ ಕುಮಾರ್, ಶಾರುಖ್ ಖಾನ್ ಇವರಲ್ಲಿ ಯಾರು ಉತ್ತಮ ದೇವದಾಸ ಎಂಬ ಪ್ರಶ್ನೆಯೇ ಸಾಮಾನ್ಯವಾಗಿ ಮುಂದೆ ಬರುತ್ತದೆ. ಆದರೆ ಈ ಪರಂಪರೆಯ ನಿಜವಾದ ಬೆಳವಣಿಗೆ ತಿಳಿಯಬೇಕಾದರೆ ನೋಡಬೇಕಾದದ್ದು ನಾಯಕನನ್ನಲ್ಲ. ಪ್ರತಿಯೊಂದು ಕಾಲದ ಚಿತ್ರವೂ ಪಾರ್ವತಿ ಮತ್ತು ಚಂದ್ರಮುಖಿಯರನ್ನು ಹೇಗೆ ಕಂಡಿತು ಎಂಬುದನ್ನು.

ಇದಕ್ಕೆ ಕಾರಣ ಮೂಲ ಕೃತಿಯಲ್ಲಿಯೇ ಇದೆ. ಜಮೀನ್ದಾರರ ಮಗ ದೇವದಾಸ ಮತ್ತು ನೆರೆಮನೆಯ ಪಾರ್ವತಿ ಒಟ್ಟಿಗೆ ಬೆಳೆದವರು. ಕನ್ಯಾಶುಲ್ಕ ಪಡೆಯುವ, ಅಂತಸ್ತಿನಲ್ಲಿ ಕೆಳಗಿನ ಮನೆತನವೆಂದು ಹುಡುಗನ ಕಡೆಯವರು ಸಂಬಂಧವನ್ನು ತಿರಸ್ಕರಿಸಿದಾಗ ನಡುರಾತ್ರಿಯಲ್ಲಿ ಒಬ್ಬಳೇ ಅವನ ಕೋಣೆಗೆ ಹೋಗಿ ಆಸರೆ ಕೇಳುವ ದಿಟ್ಟತನ ಪಾರ್ವತಿಯದು. ಲೋಕಾಪವಾದಕ್ಕೆ ಅಂಜಿ ಕಲ್ಕತ್ತೆಗೆ ಹೊರಟುಹೋಗುವ ದೌರ್ಬಲ್ಯ ದೇವದಾಸನದು. ಅವನು ಪಶ್ಚಾತ್ತಾಪಪಟ್ಟು ಮರಳುವಷ್ಟರಲ್ಲಿ ಅವಳಿಗೆ ಹಾತಿಪೋತಾದ ವಿಧುರ ಜಮೀನ್ದಾರನೊಂದಿಗೆ ಮದುವೆ ನಿಶ್ಚಯವಾಗಿರುತ್ತದೆ. ಆಗ ಅವಳು ತೋರುವ ಸ್ವಾಭಿಮಾನವನ್ನು ತಾಳಲಾರದೆ ಅವನು ಗಾಳದ ಕೋಲಿನಿಂದ ಅವಳ ಹಣೆಗೆ ಹೊಡೆದು ಗಾಯ ಮಾಡುತ್ತಾನೆ. ವೇಶ್ಯಾವೃತ್ತಿಯ ಚಂದ್ರಮುಖಿಯೂ ತನ್ನ ಬದುಕನ್ನು ತಾನೇ ಬದಲಿಸಿಕೊಂಡು, ವೃತ್ತಿ ತೊರೆದು ಹಳ್ಳಿಯಲ್ಲಿ ನೆಲೆಸುತ್ತಾಳೆ. ಹೀಗೆ ತೀರ್ಮಾನ ತೆಗೆದುಕೊಳ್ಳಬಲ್ಲವರು ಇಬ್ಬರು ಹೆಣ್ಣುಗಳು, ತೆಗೆದುಕೊಳ್ಳಲಾರದವನು ನಾಯಕ ಎಂಬ ವಿನ್ಯಾಸ ಕಾದಂಬರಿಯ ಜೀವಾಳವಾಗಿದೆ.

ಮೂಕಿಚಿತ್ರದ ನಂತರ ಕಥೆಗೆ ಗಟ್ಟಿಯಾದ ಚಿತ್ರರೂಪ ಕೊಟ್ಟವರು ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯ ಪ್ರಮಥೇಶ್ ಬರುವಾ. ಒಂದೇ ಕಥೆಯನ್ನು ಬೇರೆ ಬೇರೆ ಭಾಷೆಗಳಲ್ಲಿ ಪ್ರತ್ಯೇಕವಾಗಿ ಚಿತ್ರೀಕರಿಸುವ ಅಂದಿನ ಪದ್ಧತಿಯಂತೆ, 1935ರ ಬಂಗಾಳಿ ಚಿತ್ರದಲ್ಲಿ ಸ್ವತಃ ದೇವದಾಸನಾಗಿ ನಟಿಸಿದ ಅವರು, ಮರುವರ್ಷದ ಹಿಂದಿ ಚಿತ್ರದಲ್ಲಿ ಆ ಪಾತ್ರವನ್ನು ಕೆ. ಎಲ್. ಸೈಗಲ್ ಅವರಿಗೆ ಒಪ್ಪಿಸಿದರು. ಎರಡರಲ್ಲಿಯೂ ಪಾರ್ವತಿಯಾದವರು ಜಮುನಾ. ದೂರದೂರದ ಘಟನೆಗಳನ್ನು ಒಂದರ ಬೆನ್ನಿಗೆ ಒಂದು ತೋರಿಸಿ ಸಂಬಂಧ ಕಲ್ಪಿಸುವ ಸಮಾನಾಂತರ ಸಂಕಲನವನ್ನು ಬರುವಾ ಇಲ್ಲಿ ಬಳಸಿದ ರೀತಿ ಇಂದಿಗೂ ಅಧ್ಯಯನಯೋಗ್ಯವಾಗಿದೆ: ಜ್ವರದ ಅಮಲಿನಲ್ಲಿ ದೇವದಾಸ ಪಾರ್ವತಿಯನ್ನು ಕೂಗುತ್ತಾನೆ, ದೂರದ ಮನೆಯಲ್ಲಿ ಪಾರ್ವತಿ ಎಡವಿ ಬೀಳುತ್ತಾಳೆ, ಮರುಕ್ಷಣವೇ ದೇವದಾಸ ರೈಲಿನ ಮಲಗುವ ಹಲಗೆಯಿಂದ ಕೆಳಗುರುಳುತ್ತಾನೆ. ಕಾದಂಬರಿಯಲ್ಲಿ ಪಾರ್ವತಿಗೆ ಅವನ ಸಾವಿನ ಸುದ್ದಿ ತಡವಾಗಿ ತಿಳಿಯುತ್ತದೆ. ಬರುವಾ ಚಿತ್ರದಲ್ಲಾದರೋ ಅವಳು ಓಡಿ ಬರುವಾಗ ಗಂಡನ ಮನೆಯ ಹೆಬ್ಬಾಗಿಲು ಮುಚ್ಚಿಕೊಳ್ಳುತ್ತದೆ. ವಿವಾಹಿತೆಯ ಬಂಧನಕ್ಕೆ ಕಣ್ಣಿಗೆ ಕಾಣುವ ರೂಪ ಕೊಟ್ಟ ಈ ಬಾಗಿಲು ಮುಂದಿನ ಚಿತ್ರಗಳಿಗೂ ಬಳುವಳಿಯಾಗಿ ಬಂದಿತು.

ದಕ್ಷಿಣದಲ್ಲಿ ವೇದಾಂತಂ ರಾಘವಯ್ಯ ಅವರು 1953ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ನಿರ್ದೇಶಿಸಿದ ‘ದೇವದಾಸು’ ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಸಾವಿತ್ರಿ ಅವರಿಗೆ ದೊಡ್ಡ ಕೀರ್ತಿ ತಂದುಕೊಟ್ಟಿತು. ಶರಚ್ಚಂದ್ರರ ಕಾದಂಬರಿಗಳನ್ನು ಅನುವಾದಗಳಲ್ಲಿ ಓದಿ ಮೆಚ್ಚಿದ್ದ ಕನ್ನಡಿಗರಲ್ಲಿ, ತೆಲುಗು ಚಿತ್ರಗಳಿಗೆ ಪ್ರೇಕ್ಷಕರಿದ್ದ ಗಡಿಭಾಗದವರಿಗೆ, ದೇವದಾಸ ಈ ಚಿತ್ರದ ಮೂಲಕವೂ ಪರಿಚಿತನಾದ. ಸಿ. ಆರ್. ಸುಬ್ಬರಾಮನ್ ಅವರ ಸಂಗೀತ ಮತ್ತು ಘಂಟಸಾಲ ಅವರ ಕಂಠ ನಾಯಕನ ವೈರಾಗ್ಯಕ್ಕೆ ಎಷ್ಟು ಒತ್ತು ಕೊಟ್ಟವೆಂದರೆ, ಜನಮನದಲ್ಲಿ ಉಳಿದದ್ದು ಬಹುಮಟ್ಟಿಗೆ ಬಾಟಲಿ ಹಿಡಿದು ಹಾಡುವ ದೇವದಾಸನ ಚಿತ್ರ. ಆದರೂ ಪಾರ್ವತಿಯ ಹಠ, ಮುನಿಸು, ಗಾಂಭೀರ್ಯಗಳಿಗೆ ಸಾವಿತ್ರಿ ಅವರು ತುಂಬಿದ ಸಹಜತೆಯಿಂದ ಆ ಪಾತ್ರ ಕಣ್ಣೀರಿನ ಗೊಂಬೆಯಾಗದೆ ಉಳಿಯಿತು.

ಬರುವಾ ಚಿತ್ರಕ್ಕೆ ಛಾಯಾಗ್ರಾಹಕರಾಗಿದ್ದ ಬಿಮಲ್ ರಾಯ್ ಅವರೇ 1955ರಲ್ಲಿ ಹಿಂದಿಯಲ್ಲಿ ಅದೇ ಕಥೆಯನ್ನು ನಿರ್ದೇಶಿಸಿದ್ದು ಈ ಪರಂಪರೆಯ ಮಹತ್ವದ ಘಟ್ಟ. ದಿಲೀಪ್ ಕುಮಾರ್, ಸುಚಿತ್ರಾ ಸೇನ್, ವೈಜಯಂತಿಮಾಲಾ ಅಭಿನಯಿಸಿದ ಈ ಚಿತ್ರ ಮೂಲಕ್ಕೆ ಬಹಳ ನಿಷ್ಠವಾಗಿದ್ದರೂ ಕಾದಂಬರಿಯಲ್ಲಿಲ್ಲದ ಒಂದು ಸನ್ನಿವೇಶವನ್ನು ಸೇರಿಸುತ್ತದೆ. ಹಳ್ಳಿಯ ದಾರಿಯಲ್ಲಿ ಪಲ್ಲಕ್ಕಿಯಲ್ಲಿ ಸಾಗುವ ಪಾರ್ವತಿಯೂ ಎದುರಿನಿಂದ ನಡೆದು ಬರುವ ಚಂದ್ರಮುಖಿಯೂ ಒಬ್ಬರನ್ನೊಬ್ಬರು ನೋಡುತ್ತಾರೆ. ಪರಿಚಯವಿಲ್ಲ, ಮಾತಿಲ್ಲ, ಇರುವುದು ಎಸ್. ಡಿ. ಬರ್ಮನ್ ಅವರ ಹಿನ್ನೆಲೆ ಸಂಗೀತ ಮಾತ್ರ. ಗೃಹಿಣಿ ಮತ್ತು ಗಣಿಕೆ ಎಂದು ಸಮಾಜ ಬೇರ್ಪಡಿಸಿದ ಇಬ್ಬರನ್ನು ಒಂದೇ ನೋವಿನ ಪಾಲುಗಾರರನ್ನಾಗಿ ಕಾಣಲು ನಿರ್ದೇಶಕರಿಗೆ ಆ ನೋಟವಷ್ಟೇ ಸಾಕಾಯಿತು. ಚಂದ್ರಮುಖಿಯ ಪಾತ್ರಕ್ಕೆ ಬಂದ ಪೋಷಕ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿಯನ್ನು, ತಮ್ಮ ಪಾತ್ರ ಪಾರ್ವತಿಯದಕ್ಕೆ ಸಮಾನವಾದದ್ದೆಂಬ ಕಾರಣಕ್ಕೆ ವೈಜಯಂತಿಮಾಲಾ ನಿರಾಕರಿಸಿದ್ದು ಕೂಡ ಕೃತಿಯ ಸ್ವರೂಪವನ್ನು ಸರಿಯಾಗಿ ಗ್ರಹಿಸಿದ ನಿಲುವಾಗಿತ್ತು.

ಸಂಜಯ್ ಲೀಲಾ ಬನ್ಸಾಲಿ ಅವರ 2002ರ ಚಿತ್ರ ಇದಕ್ಕೆ ಎದುರು ದಿಕ್ಕಿನದು. ಬಣ್ಣದ ಗಾಜಿನ ಭವನಗಳು, ಭಾರವಾದ ಉಡುಪುಗಳು, ಬಿರ್ಜು ಮಹಾರಾಜರ ಸಂಯೋಜನೆಯನ್ನೊಳಗೊಂಡ ನೃತ್ಯಗಳು ಕೂಡಿ ಗ್ರಾಮೀಣ ಬಂಗಾಳದ ಕಥೆಯನ್ನು ವೈಭವದ ದೃಶ್ಯನಾಟಕವಾಗಿಸಿದವು. ಕಲ್ಕತ್ತೆಗೆ ಓದಲು ಹೋಗುವ ನಾಯಕ ಇಲ್ಲಿ ಲಂಡನ್ನಿನಿಂದ ಹಿಂದಿರುಗುತ್ತಾನೆ. ಗಾಳದ ಕೋಲಿನ ಬದಲು ಮುತ್ತಿನ ಹಾರ ಪಾರ್ವತಿಯ ಹಣೆಯನ್ನು ಗಾಯಗೊಳಿಸುತ್ತದೆ. ಹಳ್ಳಿಯ ಒರಟು ಸಿಟ್ಟನ್ನು ಆಭರಣದ ಸೊಗಸು ಮರೆಮಾಡುವ ಈ ಬದಲಾವಣೆಯಲ್ಲಿ ಚಿತ್ರದ ಮುಖ್ಯ ಕೊರತೆ ಕಾಣುತ್ತದೆ. ಆದರೆ ಬಿಮಲ್ ರಾಯ್ ನೋಟಕ್ಕೆ ಸೀಮಿತಗೊಳಿಸಿದ್ದ ಭೇಟಿಯನ್ನು ಬನ್ಸಾಲಿ ಸಂವಾದವಾಗಿ ಬೆಳೆಸಿದ್ದನ್ನು ಕಡೆಗಣಿಸುವಂತಿಲ್ಲ. ದುರ್ಗೆಯ ಮೂರ್ತಿ ರಚನೆಗೆ ವೇಶ್ಯೆಯ ಅಂಗಳದ ಮಣ್ಣು ಬೇಕೆಂಬ ಬಂಗಾಳದ ಸಂಪ್ರದಾಯವನ್ನು ನೆವವಾಗಿಸಿಕೊಂಡು ಐಶ್ವರ್ಯಾ ರೈ ಅವರ ಪಾರ್ವತಿ ಮಾಧುರಿ ದೀಕ್ಷಿತ್ ಅವರ ಚಂದ್ರಮುಖಿಯ ಮನೆಗೆ ಹೋಗುತ್ತಾಳೆ. ಮುಂದೆ ಪೂಜೆಯಲ್ಲಿ ಇಬ್ಬರೂ ಜೊತೆಯಾಗಿ ಕುಣಿಯುತ್ತಾರೆ.

ಅನುರಾಗ್ ಕಶ್ಯಪ್ ಅವರ ‘ದೇವ್ ಡಿ’ (2009) ಕಥೆಯನ್ನು ಇಂದಿನ ಪಂಜಾಬ್ ಮತ್ತು ದೆಹಲಿಗೆ ತಂದು, ನಾಯಕನ ಸುತ್ತಲಿದ್ದ ಅನುಕಂಪದ ಪ್ರಭಾವಳಿಯನ್ನೇ ಕಳಚುತ್ತದೆ. ನಡುರಾತ್ರಿಯಲ್ಲಿ ಪ್ರಿಯನ ಕೋಣೆಗೆ ಹೋದ ಪಾರ್ವತಿಯ ಇಂದಿನ ರೂಪ, ಸೈಕಲ್ಲಿನ ಮೇಲೆ ಹಾಸಿಗೆ ಕಟ್ಟಿಕೊಂಡು ಹೊಲಕ್ಕೆ ಹೊರಡುವ ಪಾರೋ. ಇಬ್ಬರ ದಿಟ್ಟತನಕ್ಕೂ ನಾಯಕನಿಂದ ದೊರೆಯುವ ಪ್ರತಿಫಲ ಅವಮಾನವೇ. ಆದರೆ ಮದುವೆಯ ಬಳಿಕ ದೇವ್‌ನ ಕೊಳಕು ಕೋಣೆಗೆ ಬಂದು, ಅದನ್ನು ಗುಡಿಸಿ, ಬಟ್ಟೆ ಒಗೆದು, ಅವನ ಯೋಗ್ಯತೆಯನ್ನು ಅವನಿಗೇ ತೋರಿಸಿ ಹೊರಟುಹೋಗುವ ಈ ಪಾರೋ ಅವನ ನೆನಪಿನಲ್ಲಿ ಕೊರಗುವವಳಲ್ಲ. ನಾಯಕ ಸಾಯದೆ, ಚಂದ್ರಮುಖಿಯ ಇಂದಿನ ರೂಪವಾದ ಚಂದಾಳೊಂದಿಗೆ ಹೊಸ ಬದುಕಿಗೆ ತೊಡಗುವ ಮುಕ್ತಾಯವನ್ನು ಮೂಲದ್ರೋಹವೆಂದು ಕೆಲವರು ಭಾವಿಸಬಹುದು; ಆದರೆ ಆತ್ಮನಾಶವೇ ಪ್ರೇಮದ ಪರಾಕಾಷ್ಠೆಯೆಂಬ ನಂಬಿಕೆಯನ್ನು ಇಷ್ಟು ನೇರವಾಗಿ ಪ್ರಶ್ನಿಸಿದ ರೂಪಾಂತರ ಈ ಪರಂಪರೆಯಲ್ಲಿ ಅಪರೂಪ.

ಒಟ್ಟಾರೆಯಾಗಿ ನೋಡಿದಾಗ, ಮೂಲಕ್ಕೆ ಎಷ್ಟು ಹತ್ತಿರವಾಗಿದೆ ಎಂಬ ಒಂದೇ ಅಳತೆಗೋಲಿನಿಂದ ರೂಪಾಂತರಗಳ ಬೆಲೆ ಕಟ್ಟಲಾಗದೆಂಬುದು ಸ್ಪಷ್ಟವಾಗುತ್ತದೆ. ಬರುವಾ ಅವರ ಮುಚ್ಚಿದ ಬಾಗಿಲೂ ಬಿಮಲ್ ರಾಯ್ ಅವರ ದಾರಿಯ ಭೇಟಿಯೂ ಕಾದಂಬರಿಯಲ್ಲಿಲ್ಲ. ಆದರೂ ಅವು ಶರಚ್ಚಂದ್ರರ ಕಾಣ್ಕೆಯನ್ನು ಇನ್ನಷ್ಟು ತಿಳಿಯಾಗಿ ತೋರಿಸುತ್ತವೆ. ಕಥಾವಿವರಗಳನ್ನು ಉಳಿಸಿಕೊಂಡೂ ಹೆಣ್ಣುಗಳ ಸ್ವಾಭಿಮಾನವನ್ನು ನಾಯಕನ ಅಳಲಿಗೆ ಅಡಿಯಾಳಾಗಿಸುವ ಚಿತ್ರ ಮೂಲದಿಂದ ದೂರವೇ ಸರಿಯುತ್ತದೆ. ಶತಮಾನ ದಾಟಿದ ಈ ಕಾದಂಬರಿಯನ್ನು ಮುಂದೆ ತೆರೆಗೆ ತರುವವರು ದೇವದಾಸನ ಪಾತ್ರಕ್ಕೆ ನಟನನ್ನು ಹುಡುಕುವ ಮೊದಲು ಪಾರ್ವತಿ, ಚಂದ್ರಮುಖಿಯರಿಗೆ ತಮ್ಮ ಚಿತ್ರದಲ್ಲಿ ಎಷ್ಟು ಸ್ವಾತಂತ್ರ್ಯವಿದೆ ಎಂದು ಕೇಳಿಕೊಳ್ಳುವುದು ಅಗತ್ಯ.