ಕ್ಯಾಪಿಟಲ್ ಕಟ್ಟಿದ ಕೈಗಳು: ‘ಆಳು ಸಿಗುತ್ತಿಲ್ಲ’ ಎಂಬ ಹಳೆಯ ಮಾತು



ಊರಿನಿಂದ ಅಪ್ಪ ಅಮ್ಮ ಬಂದರೆ ಪೇರ್‌ಲ್ಯಾಂಡಿನ ನಾವು ಮೊದಲು ಮೀನಾಕ್ಷಿ ದೇವಸ್ಥಾನಕ್ಕೆ, ಆಮೇಲೆ ನಾಸಾಕ್ಕೆ, ಬಿಡುವು ಸಿಕ್ಕಿದ ಒಂದು ಶನಿವಾರ ಆಸ್ಟಿನ್‌ಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಟೆಕ್ಸಸ್ ಕ್ಯಾಪಿಟಲ್ ಎದುರು ಫೋಟೋ ತೆಗೆಸಿಕೊಳ್ಳುವಾಗ ಹಿರಿಯರು ಯಾರಾದರೂ "ನಮ್ಮ ವಿಧಾನಸೌಧದ ಹಾಗೇ ಇದೆಯಲ್ಲ" ಎಂದು ಹೇಳಿಯೇ ಹೇಳುತ್ತಾರೆ. ಅವರ ಮಾತು ನಿಜ. ಎರಡೂ ಗ್ರಾನೈಟಿನವು, ಎರಡಕ್ಕೂ ಗುಮ್ಮಟವಿದೆ. ಅವುಗಳನ್ನು ಕಟ್ಟಿದ ಕೈಗಳ ಕಥೆಯಲ್ಲೂ ಒಂದು ಹೋಲಿಕೆಯಿದೆ. ಕಟ್ಟಡ ಉದ್ಯಮದ ಕಾರ್ಮಿಕರ ಕೊರತೆಯ ಬಗ್ಗೆ ಮಾತಾಡಬೇಕಾದ ನಾನು ಅಲ್ಲಿಂದಲೇ ಆರಂಭಿಸುತ್ತೇನೆ.

1881ರ ನವೆಂಬರಿನಲ್ಲಿ ಆಸ್ಟಿನ್‌ನ ಹಳೆಯ ಕ್ಯಾಪಿಟಲ್ ಸುಟ್ಟುಹೋಯಿತು. ಟೆಕ್ಸಸ್ ಬಳಿ ಹಣ ಕಡಿಮೆ, ಜಮೀನು ಧಾರಾಳ. ಹೊಸ ಕಟ್ಟಡ ಕಟ್ಟಿಕೊಡುವವರಿಗೆ ಉತ್ತರದ ಪ್ಯಾನ್‌ಹ್ಯಾಂಡಲ್ ಸೀಮೆಯಲ್ಲಿ ಸುಮಾರು 30 ಲಕ್ಷ ಎಕರೆ ಕೊಡುವುದೆಂದು ಒಪ್ಪಂದವಾಯಿತು. ಶಿಕಾಗೋದ ಬಂಡವಾಳಗಾರರು ಗುತ್ತಿಗೆ ಹಿಡಿದರು. ಕಟ್ಟುವ ಕೆಲಸ ಗಸ್ ವಿಲ್ಕಿ ಎಂಬ ಗುತ್ತಿಗೆದಾರನ ಕೈಗೆ ಬಂತು. ಮೊದಲು ತಂದ ಸುಣ್ಣದ ಕಲ್ಲಿನಲ್ಲಿ ತುಕ್ಕಿನಂಥ ಕಲೆಗಳು ಎದ್ದವು. ಆಗ ಬರ್ನೆಟ್ ಕೌಂಟಿಯ ಗ್ರಾನೈಟ್ ಬೆಟ್ಟದ ಮಾಲೀಕರು ಕಲ್ಲನ್ನು ಪುಕ್ಕಟೆಯಾಗಿ ಕೊಡುತ್ತೇವೆಂದರು. ಕಲ್ಲೇನೋ ಪುಕ್ಕಟೆ. ಆದರೆ ಗ್ರಾನೈಟ್ ಗಟ್ಟಿ ಕಲ್ಲು, ಅದನ್ನು ಒಡೆದು ಕೆತ್ತುವ ಕೂಲಿ ದುಬಾರಿ.

ಸರ್ಕಾರ ಇದಕ್ಕೊಂದು ಉಪಾಯ ಕಂಡುಕೊಂಡಿತು. ಕಲ್ಲು ಗಣಿಯ ಕೆಲಸಕ್ಕೆ ನೂರಾರು ಕೈದಿಗಳನ್ನು ಒದಗಿಸಿತು. ಗುತ್ತಿಗೆದಾರ ಸರ್ಕಾರಕ್ಕೆ ಕೊಡಬೇಕಾಗಿದ್ದದ್ದು ದಿನಕ್ಕೆ ತಲೆಗೆ 65 ಸೆಂಟ್, ಜೊತೆಗೆ ಊಟದ ಖರ್ಚು.

ಇದು ಟೆಕ್ಸಸ್‌ಗೆ ಹೊಸ ಪದ್ಧತಿಯೇನಲ್ಲ. ಇಲ್ಲಿಗೆ ಹತ್ತಿರದ ಗ್ಯಾಲ್ವೆಸ್ಟನ್‌ನಲ್ಲಿ 1865ರ ಜೂನ್ 19ರಂದು ಗುಲಾಮಗಿರಿ ಮುಗಿಯಿತೆಂದು ಸಾರಲಾಯಿತು. ಆದರೆ ಗುಲಾಮಗಿರಿಯನ್ನು ನಿಷೇಧಿಸಿದ 13ನೆಯ ತಿದ್ದುಪಡಿಯಲ್ಲೇ, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸಬಹುದೆಂಬ ವಿನಾಯಿತಿಯೂ ಇತ್ತು. ಆ ಕಿಂಡಿಯಿಂದಲೇ ಕೈದಿಗಳನ್ನು ಬಾಡಿಗೆಗೆ ಕೊಡುವ ಪದ್ಧತಿ ಬೆಳೆಯಿತು. ನಮ್ಮವರು ಅನೇಕರು ಮನೆ ಮಾಡಿರುವ ಶುಗರ್ ಲ್ಯಾಂಡ್‌ನಲ್ಲಿ 2018ರಲ್ಲಿ ಶಾಲಾ ಕಟ್ಟಡಕ್ಕೆ ನೆಲ ಅಗೆಯುವಾಗ 95 ಜನರ ಅಸ್ಥಿಗಳು ಸಿಕ್ಕಿದವು. ಬಾಡಿಗೆಗೆ ಕೊಡಲ್ಪಟ್ಟು ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ಕಪ್ಪು ಕೈದಿಗಳ ಗೋರಿಗಳವು.

ಮತ್ತೆ ಆಸ್ಟಿನ್‌ಗೆ ಬರೋಣ. ಕೈದಿಗಳನ್ನು ಕೆಲಸಕ್ಕೆ ಹಚ್ಚಿದ್ದನ್ನು ಕಲ್ಲುಕುಟಿಗರ ಸಂಘ ವಿರೋಧಿಸಿತು. ಸ್ವತಂತ್ರ ಕುಶಲಕರ್ಮಿಯ ಕೂಲಿ ಇದರಿಂದ ಕುಸಿಯುತ್ತದೆಂದು ಹೇಳಿ ಕ್ಯಾಪಿಟಲ್ ಕೆಲಸವನ್ನೇ ಬಹಿಷ್ಕರಿಸಿತು. ಹೀಗೆ ‘ಕಾರ್ಮಿಕರ ಕೊರತೆ’ ಹುಟ್ಟಿತು. ಕಲ್ಲುಕುಟಿಗರು ದೇಶದಲ್ಲಿ ಇರಲಿಲ್ಲವೆಂದಲ್ಲ. ಆ ಷರತ್ತಿಗೆ ಅವರು ಒಪ್ಪಲಿಲ್ಲ, ಅಷ್ಟೆ.

ವಿಲ್ಕಿ ತನ್ನ ಪ್ರತಿನಿಧಿಯನ್ನು ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಕಳಿಸಿದ. ಅದು ಗ್ರಾನೈಟ್ ಕೆಲಸಕ್ಕೆ ಹೆಸರಾದ ಊರು. 1886ರಲ್ಲಿ 86 ಮಂದಿ ಹಡಗು ಹತ್ತಿ ಬಂದರು. ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದಂತೆ ಸಂಘದವರು ಅವರನ್ನು ಕಂಡು ಇಲ್ಲಿನ ಪರಿಸ್ಥಿತಿ ವಿವರಿಸಿದರು. 24 ಮಂದಿ ಅಲ್ಲೇ ಹಿಂದೆ ಸರಿದರು. ಉಳಿದ 62 ಮಂದಿ ಟೆಕ್ಸಸ್ ತಲುಪಿದರು.

ಆದರೆ 1885ರ ಫೆಬ್ರವರಿಯಲ್ಲೇ ಅಮೆರಿಕ ಒಂದು ಕಾನೂನು ಮಾಡಿತ್ತು. ಮೊದಲೇ ಕರಾರು ಮಾಡಿಕೊಂಡು ಹೊರದೇಶದಿಂದ ಕಾರ್ಮಿಕರನ್ನು ಕರೆತರುವಂತಿಲ್ಲ. ನಟರು, ಗಾಯಕರು, ಉಪನ್ಯಾಸಕರು, ಮನೆಗೆಲಸದವರಂಥವರಿಗೆ ವಿನಾಯಿತಿ. ದೇಶದಲ್ಲಿ ಇಲ್ಲದ ಹೊಸ ಉದ್ಯಮಕ್ಕೆ ಬೇಕಾದ ಕುಶಲಕರ್ಮಿಗಳಿಗೂ ಅವಕಾಶವಿತ್ತು. ಕಲ್ಲು ಕೆತ್ತುವುದು ಹೊಸ ಉದ್ಯಮವಾಗಿರಲಿಲ್ಲ. ಮೊಕದ್ದಮೆ ನಡೆಯಿತು. 1889ರಲ್ಲಿ 64,000 ಡಾಲರ್ ದಂಡ ಬಿತ್ತು. 1893ರಲ್ಲಿ ಅದನ್ನು 8,000 ಡಾಲರಿಗೆ ಇಳಿಸಲಾಯಿತು. ಕಟ್ಟಡ 1888ರಲ್ಲೇ ಉದ್ಘಾಟನೆಯಾಗಿ ನಿಂತಿತ್ತು. ಲೆಕ್ಕ ಹಾಕಿ ನೋಡಿದರೆ ದಂಡವೂ ಖರ್ಚಿನ ಬಾಬ್ತಿನಲ್ಲಿ ಒಂದಾಯಿತು.

ಈಗ ವಿಧಾನಸೌಧಕ್ಕೆ ಬರುತ್ತೇನೆ. 1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದರು. ಕೆಂಗಲ್ ಹನುಮಂತಯ್ಯನವರ ಛಲದಿಂದ 1956ರಲ್ಲಿ ಅದು ಮುಗಿಯಿತು. ಸಾವಿರಾರು ಕೂಲಿಗಳು ದುಡಿದರು, ಅವರಲ್ಲಿ ಬಹಳ ಮಂದಿ ಕೈದಿಗಳು. ಕೆಲಸ ಮುಗಿದ ಮೇಲೆ ಅವರನ್ನು ಬಿಡುಗಡೆ ಮಾಡಲಾಯಿತೆಂದು ನಮ್ಮಲ್ಲಿ ಹೇಳುತ್ತಾರೆ. ಆ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕಲ್ಲು ಹೊರುವಾಗ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಅವರಿಗೆ ಎಷ್ಟಿತ್ತು ಎಂದು ಕೇಳುವುದಿಲ್ಲ.

ಇದೆಲ್ಲ ಹಳೆಯ ಕಾಲದ್ದು ಅನ್ನಿಸಬಹುದು. 2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಲ್ಲಿ ಕೂಲಿಯಿಲ್ಲದೆ ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದ ಹೊರರಾಜ್ಯದ ಕಟ್ಟಡ ಕಾರ್ಮಿಕರು ಊರಿಗೆ ಹೋಗಲು ಶ್ರಮಿಕ್ ರೈಲಿಗೆ ಕಾಯುತ್ತಿದ್ದರು. ಮೇ 5ರಂದು ಬಿಲ್ಡರ್‌ಗಳ ಜೊತೆ ಸಭೆಯಾಯಿತು. ಆ ಬೆನ್ನಿಗೇ ರಾಜ್ಯ ಸರ್ಕಾರ ರೈಲುಗಳು ಬೇಡವೆಂದಿತು. ಅವರು ಹೋದರೆ ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ಆತಂಕ. ದೇಶವೆಲ್ಲ ಟೀಕಿಸಿದ ಮೇಲೆ ಕೆಲವೇ ದಿನಗಳಲ್ಲಿ ರೈಲು ಮತ್ತೆ ಹೊರಟಿತು. ಆ ಸಾಲಿನಲ್ಲಿ ನಿಂತಿದ್ದವರು ಬಿಹಾರ, ಒಡಿಶಾ, ಜಾರ್ಖಂಡ್‌ನವರು. ಅವರಿಗಿಂತ ಮೊದಲು ಅದೇ ಕೆಲಸಕ್ಕೆ ಗಂಟುಮೂಟೆ ಕಟ್ಟಿಕೊಂಡು ಬಂದವರು ನಮ್ಮ ರಾಯಚೂರು, ಯಾದಗಿರಿ, ಕಲಬುರಗಿಯವರು.

ಟೆಕ್ಸಸ್‌ನ ಇವತ್ತಿನ ಮಾತಿಗೆ ಬನ್ನಿ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಮೂರೂ ಕಡೆ ಬಿಲ್ಡರ್‌ಗಳು ಆಳು ಸಿಗುತ್ತಿಲ್ಲ ಎನ್ನುತ್ತಾರೆ. ಆಸ್ಟಿನ್ 2010ರಲ್ಲಿ, ಡಲ್ಲಾಸ್ 2015ರಲ್ಲಿ ಕಟ್ಟಡ ಕಾರ್ಮಿಕರಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ನಿಮಿಷ ವಿರಾಮ ಕೊಡಬೇಕೆಂದು ನಗರದ ನಿಯಮ ಮಾಡಿದ್ದವು. ನೀರು ಕುಡಿಯಲು, ನೆರಳಲ್ಲಿ ಕೂರಲು. 2023ರಲ್ಲಿ ರಾಜ್ಯ ಶಾಸನಸಭೆ ನಗರಗಳ ಇಂಥ ನಿಯಮಗಳನ್ನು ತಳ್ಳಿಹಾಕುವ ಕಾನೂನು ಮಾಡಿತು. ಆ ಮಸೂದೆ ಪಾಸಾದದ್ದು ಕೈದಿಗಳು ಒಡೆದ ಕಲ್ಲಿನ ಅದೇ ಕಟ್ಟಡದಲ್ಲಿ.

ಕೊರತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಹರಿಕೇನ್ ಹಾರ್ವಿ ಬಂದು ಹೋದ ಮೇಲೆ ಶೀಟ್‌ರಾಕ್ ಹಾಕುವವರಿಗೆ ನಾವೇ ಕಾದಿಲ್ಲವೇ? ಆದರೆ ಇತಿಹಾಸ ಒಂದು ಪ್ರಶ್ನೆ ಕಲಿಸುತ್ತದೆ: ಯಾವ ಕೂಲಿಗೆ, ಯಾವ ಷರತ್ತಿಗೆ ಆಳು ಸಿಗುತ್ತಿಲ್ಲ? ಇದಕ್ಕೆ ಉತ್ತರ ಕೊಡದವರು ಪ್ರತಿ ಸಲವೂ ಬಿಟ್ಟು ಹೋಗಲಾರದವನನ್ನೇ ಹುಡುಕಿದ್ದಾರೆ. ಒಮ್ಮೆ ಕೈದಿ, ಒಮ್ಮೆ ಕರಾರಿಗೆ ಕಟ್ಟುಬಿದ್ದವನು, ಒಮ್ಮೆ ರೈಲಿಲ್ಲದವನು, ಇವತ್ತು ಕಾಗದಪತ್ರವಿಲ್ಲದವನು.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವವರು ತಮ್ಮ ಎಚ್‌-1ಬಿ ಕಡತದಲ್ಲಿರುವ ಎಲ್‌ಸಿಎ ತೆಗೆದು ನೋಡಿ. ಸ್ಥಳೀಯವಾಗಿ ನಡೆಯುತ್ತಿರುವ ಸಂಬಳವನ್ನೇ ಕೊಡುತ್ತೇನೆ, ಆ ಕೆಲಸದಲ್ಲಿ ಅಲ್ಲಿ ಮುಷ್ಕರವಿಲ್ಲ ಎಂದು ಕಂಪನಿ ಅದರಲ್ಲಿ ಬರೆದುಕೊಟ್ಟಿರುತ್ತದೆ. ಅಬರ್ಡೀನಿನ ಆ 62 ಮಂದಿಯ ಕಥೆ ಗೊತ್ತಿದ್ದರೆ ಆ ಸಾಲು ಬರೀ ಫಾರ್ಮಿನ ಸಾಲಾಗಿ ಕಾಣುವುದಿಲ್ಲ. ಕೆಲಸ ಹೋದರೆ 60 ದಿನ ಎಂದು ಬೆರಳೆಣಿಸಿದ ನಮಗೆ, ಬಿಟ್ಟು ಹೋಗಲಾಗದ ಕೆಲಸದ ಭಾರ ಒಂದಿಷ್ಟಾದರೂ ಗೊತ್ತು.

ಮುಂದಿನ ಸಲ ಮನೆಯ ಮಾಡಿಗೆ ಶಿಂಗಲ್ಸ್ ಹಾಕಿಸುವಾಗ ಕೊಟೇಶನ್ ಯಾಕೆ ಇಷ್ಟು ಎಂದು ಕೇಳುವುದರ ಜೊತೆಗೆ, ಮೇಲೆ ಹತ್ತಿರುವವನ ಕೈಗೆ ಅದರಲ್ಲಿ ಎಷ್ಟು ಸೇರುತ್ತದೆ ಎಂದೂ ಕೇಳೋಣ. ಆಗಸ್ಟ್ ತಿಂಗಳಾದರೆ ಒಂದು ಕೂಲರ್ ನೀರು ಹೊರಗಿಡೋಣ. ಆಸ್ಟಿನ್‌ಗೆ ಹೋದಾಗ ಮಕ್ಕಳಿಗೆ ಗುಮ್ಮಟ ತೋರಿಸಿ, ಕಲ್ಲನ್ನೂ ಮುಟ್ಟಿಸಿ, ಇದನ್ನು ಯಾರು ಒಡೆದರು ಎಂದು ಹೇಳಿ.