ಉರಿಯೂತದ ಬೆನ್ನುಹತ್ತಿದವರು

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರುಮಟಾಯ್ಡ್ ಸಂಧಿವಾತ ಅಂಟಿಕೊಂಡವರ ಪಾಡು ಶತ್ರುವಿಗೂ ಬೇಡವಾಗಿತ್ತು. ಬೆಳಗಾಗೆದ್ದರೆ ಬೆರಳು ಮಡಚದು. ಮಣಿಕಟ್ಟು ಊದಿ ಬಿಸಿಯೇರಿರುತ್ತದೆ. ಕೂತವರಿಗೆ ಏಳಲು ಇನ್ನೊಬ್ಬರ ಕೈ ಬೇಕು. ವರ್ಷಗಳುರುಳಿದಂತೆ ಕೀಲುಗಳು ಸೊಟ್ಟಗಾಗಿ, ತುತ್ತು ಹಿಡಿದ ಕೈ ಬಾಯಿಗೆ ಬಾರದಂತಾಗುತ್ತಿತ್ತು. ಯುರೋಪು, ಅಮೆರಿಕಗಳ ದೊಡ್ಡ ಆಸ್ಪತ್ರೆಗಳಲ್ಲಿಯೂ ವೈದ್ಯರ ಬಳಿ ಇದ್ದದ್ದು ಆಸ್ಪಿರಿನ್, ವಿಶ್ರಾಂತಿ, ಬಿಸಿನೀರ ಬುಗ್ಗೆಗಳ ಸ್ನಾನ. ಆಮೇಲೆ ಫ್ರಾನ್ಸಿನ ಜಾಕ್ ಫೊರೆಸ್ಟಿಯೆ ರೂಢಿಗೆ ತಂದ ಚಿನ್ನದ ಲವಣದ ಚುಚ್ಚುಮದ್ದು. ದೇಹದ ಯಾವುದೋ ಮೂಲೆಯಲ್ಲಿ ಅಡಗಿ ಕೂತ ಸೋಂಕೇ ಕೀಲುಗಳನ್ನು ಕೆಡಿಸುತ್ತಿದೆ ಎಂಬ ನಂಬಿಕೆ ಆಗ ಬಲವಾಗಿತ್ತು. ಆ ನಂಬಿಕೆಯ ಹೆಸರಿನಲ್ಲಿ ಎಷ್ಟೋ ರೋಗಿಗಳ ಗಟ್ಟಿ ಹಲ್ಲುಗಳನ್ನು ಕಿತ್ತರು, ಟಾನ್ಸಿಲ್‌ಗಳನ್ನು ಕತ್ತರಿಸಿ ತೆಗೆದರು. ಹಲ್ಲು ಹೋಯಿತು, ನೋವು ಉಳಿಯಿತು.

ಇಂಥ ಕಾಲದಲ್ಲಿ ಅಮೆರಿಕದ ಮಿನೆಸೋಟ ಸಂಸ್ಥಾನದ ರಾಚೆಸ್ಟರ್ ಪಟ್ಟಣದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಶೋವಾಲ್ಟರ್ ಹೆಂಚ್ ಎಂಬ ವೈದ್ಯ ಕೀಲುರೋಗಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ. 1896ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದವನು. ಹುಟ್ಟಿನಿಂದಲೇ ಸೀಳಂಗುಳ, ಮಾತು ಕೇಳುವವರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಆದರೆ ಬೇರೆಯವರ ಮಾತು ಕೇಳಿಸಿಕೊಳ್ಳುವುದರಲ್ಲಿ ಅವನಂಥವರು ಕಡಿಮೆ.

1929ರ ಏಪ್ರಿಲ್ 1ರಂದು 65 ವರ್ಷದ ರೋಗಿಯೊಬ್ಬ ಅವನಿಗೆ ಒಂದು ಸಂಗತಿ ಹೇಳಿದ. ತನಗೆ ಕಾಮಾಲೆ ಬಂದದ್ದೇ ತಡ, ವರ್ಷಗಳಿಂದ ಕಾಡುತ್ತಿದ್ದ ಕೀಲುನೋವು ಇಳಿಯತೊಡಗಿತು. ಕಾಮಾಲೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ನೋವು ಮರಳಲಿಲ್ಲ. ಬೇರೆ ವೈದ್ಯರಾಗಿದ್ದರೆ ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆಯುತ್ತಿದ್ದರು. ಹೆಂಚ್ ಬರೆದಿಟ್ಟುಕೊಂಡ. ಅಂಥವರು ಇನ್ನೂ ಇದ್ದಾರೆಯೇ ಎಂದು ಹುಡುಕಿದ, ಒಬ್ಬೊಬ್ಬರಾಗಿ ಸಿಕ್ಕರು. ಬಸಿರಾದ ಹೆಂಗಸರಲ್ಲಿಯೂ ಸಂಧಿವಾತ ತಣ್ಣಗಾಗುವುದನ್ನು ಕಂಡು 1938ರಲ್ಲಿ ಅದನ್ನೂ ಪ್ರಕಟಿಸಿದ. ಅಂದಮೇಲೆ ಈ ರೋಗ ಒಮ್ಮೆ ಬಂದರೆ ಹಿಂದಿರುಗದ ರೋಗವಲ್ಲ. ದೇಹದೊಳಗೇ ಅದನ್ನು ಹಿಂದಕ್ಕೆ ತಳ್ಳುವ ಏನೋ ಒಂದಿದೆ. ಗಂಡಸರಿಗೂ ಹೆಂಗಸರಿಗೂ ಸಮಾನವಾದದ್ದು, ಕಾಮಾಲೆಯಲ್ಲಿಯೂ ಬಸಿರಿನಲ್ಲಿಯೂ ಹೆಚ್ಚುವಂಥದ್ದು. ಅದಕ್ಕೆ ಅವನಿಟ್ಟ ಹೆಸರು ‘ಸಬ್‌ಸ್ಟೆನ್ಸ್ ಎಕ್ಸ್’.

ಆ ಅಜ್ಞಾತ ವಸ್ತುವಿಗಾಗಿ ನಡೆದ ಹುಡುಕಾಟ ಇಂದು ಓದಿದರೆ ದಿಗಿಲು ಹುಟ್ಟಿಸುತ್ತದೆ. ಹೆಂಚ್ ರೋಗಿಗಳಿಗೆ ಪಿತ್ತದ ಲವಣಗಳನ್ನು ಕೊಟ್ಟ, ಪಿತ್ತವನ್ನೇ ಕೊಟ್ಟ, ಕಾಮಾಲೆಯವರ ರಕ್ತವನ್ನೂ ಏರಿಸಿದ. ಯಾವುದೂ ಫಲ ಕೊಡಲಿಲ್ಲ. ಬ್ರಿಟನ್ನಿನಲ್ಲಿ ಕೆಲವು ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಮಾಲೆ ತರಿಸುತ್ತದೆಂದು ಗೊತ್ತಿದ್ದ ರಕ್ತಸಾರವನ್ನು ಸಂಧಿವಾತದವರಿಗೆ ಬೇಕೆಂದೇ ಚುಚ್ಚಿ, ಅದರ ಪರಿಣಾಮವನ್ನು 1945ರಲ್ಲಿ ವರದಿ ಮಾಡಿದರು. ಅಂದರೆ ಕೀಲಿನ ಉರಿ ಇಳಿಸಲು ಯಕೃತ್ತಿಗೆ ಸೋಂಕು ಹತ್ತಿಸಿದರು. ಇಂದಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡಲಾರದು, ಕೊಡಲೂ ಬಾರದು. ಆದರೂ ಆ ಕಾಲದ ನೋವಿನ ಆಳವನ್ನು ಅಳೆಯಲು ಇಷ್ಟು ಸಾಕು: ಕಾಮಾಲೆಯಾದರೂ ಪರವಾಗಿಲ್ಲ ಎನ್ನುವಷ್ಟು ಜನ ಸೋತುಹೋಗಿದ್ದರು.

ಅದೇ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞನಿದ್ದ. ಹಟಕ್ಕೆ ಹೆಸರಾದವನು. 1914ರ ಕ್ರಿಸ್‌ಮಸ್ ದಿನ ಥೈರಾಯ್ಡ್ ಗ್ರಂಥಿಯಿಂದ ಥೈರಾಕ್ಸಿನ್ ಅನ್ನು ಹರಳಾಗಿ ಬೇರ್ಪಡಿಸಿ ಹೆಸರು ಗಳಿಸಿದ್ದವನು, ಈಗ ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತ ಅಡ್ರೀನಲ್ ಗ್ರಂಥಿಗೆ ಗಂಟುಬಿದ್ದಿದ್ದ. ದನಗಳ ಗ್ರಂಥಿಗಳನ್ನು ರಾಶಿರಾಶಿಯಾಗಿ ತರಿಸಿ, ಅರೆದು, ಸೋಸಿ, ಅವುಗಳ ತೊಗಟೆಯಿಂದ ಹಲವು ವಸ್ತುಗಳನ್ನು ಬೇರೆ ಮಾಡಿ, ಎ, ಬಿ, ಇ, ಎಫ್ ಎಂದು ಅಕ್ಷರಗಳಿಂದಲೇ ಕರೆಯುತ್ತಿದ್ದ. ಸ್ವಿಟ್ಜರ್ಲೆಂಡಿನಲ್ಲಿ ಟಾಡಿಯಸ್ ರೈಖ್‌ಸ್ಟೈನ್ ಅದೇ ವಸ್ತುಗಳನ್ನು ಸ್ವತಂತ್ರವಾಗಿ ಬೇರ್ಪಡಿಸುತ್ತಿದ್ದ. 1941ರ ಜನವರಿಯಲ್ಲಿ ಹೆಂಚ್ ಮತ್ತು ಕೆಂಡಾಲ್ ಮಾತಾಡಿಕೊಂಡು, ಸಿಕ್ಕಾಗ ‘ಕಾಂಪೌಂಡ್ ಇ’ಯನ್ನು ಸಂಧಿವಾತದಲ್ಲಿ ಪರೀಕ್ಷಿಸಬೇಕೆಂದು ತೀರ್ಮಾನಿಸಿದರು, ಹೆಂಚ್ ಅದನ್ನು ಜೇಬಿನ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಆದರೆ ಒಬ್ಬ ರೋಗಿಗೆ ಸಾಲುವಷ್ಟು ವಸ್ತುವೇ ಎಲ್ಲಿಯೂ ಇರಲಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಜರ್ಮನರು ಅರ್ಜೆಂಟೀನಾದಿಂದ ಅಡ್ರೀನಲ್ ಗ್ರಂಥಿಗಳನ್ನು ಕೊಂಡು, ಅದರ ಸಾರ ಚುಚ್ಚಿಸಿಕೊಂಡ ವಿಮಾನ ಚಾಲಕರನ್ನು ಅತಿ ಎತ್ತರದಲ್ಲಿ ಹಾರಿಸುತ್ತಿದ್ದಾರೆಂಬ ವದಂತಿ ವಾಷಿಂಗ್ಟನ್ ತಲುಪಿತು. ವದಂತಿ ಸುಳ್ಳಾಗಿತ್ತು, ಅದು ತಂದ ಹಣ ಮಾತ್ರ ನಿಜ. ಆ ಉತ್ಸಾಹದಲ್ಲಿ ಮರ್ಕ್ ಔಷಧ ಕಂಪನಿಯ ಲೂಯಿಸ್ ಸಾರೆಟ್ 1944ರ ಡಿಸೆಂಬರಿನಲ್ಲಿ ಕಾಂಪೌಂಡ್ ಇಯನ್ನು ಪ್ರಯೋಗಾಲಯದಲ್ಲಿ ಕಟ್ಟಿದ. ಮೂವತ್ತಕ್ಕೂ ಹೆಚ್ಚು ಹಂತಗಳ ಆ ಕೆಲಸಕ್ಕೆ ಮೂಲದ್ರವ್ಯ ಎತ್ತಿನ ಪಿತ್ತದಿಂದ ತೆಗೆದ ಆಮ್ಲ. ಹೆಂಚ್ ಹದಿನೈದು ವರ್ಷ ಪಿತ್ತದಲ್ಲಿ ಹುಡುಕಿ ಸೋತಿದ್ದ ಔಷಧ ಕೊನೆಗೆ ಪಿತ್ತದಿಂದಲೇ ಹುಟ್ಟಿದ್ದು ವಿಧಿಯ ತಮಾಷೆ ಎನ್ನಬೇಕು.

1948ರ ಜುಲೈ ಕೊನೆಯಲ್ಲಿ ಇಂಡಿಯಾನ ಸಂಸ್ಥಾನದಿಂದ 29 ವರ್ಷದ ಹೆಣ್ಣುಮಗಳೊಬ್ಬಳು ರಾಚೆಸ್ಟರಿಗೆ ಬಂದಳು. ವರ್ಷಗಳಿಂದ ಸಂಧಿವಾತ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದೂ ಕಷ್ಟ. ಹೆಂಚ್ ಮೊದಲು ಔಷಧ ಕೊಟ್ಟು ಕಾಮಾಲೆ ಬರಿಸಲು ನೋಡಿದ, ಬರಲಿಲ್ಲ. ಗುಣವಾಗದೆ ಮನೆಗೆ ಹೋಗುವುದಿಲ್ಲವೆಂದು ಆಕೆ ಪಟ್ಟುಹಿಡಿದಳು. ಬೇರೆ ದಾರಿ ಕಾಣದೆ ಹೆಂಚ್ ಸೆಪ್ಟೆಂಬರ್ 4ರಂದು ಕಾಂಪೌಂಡ್ ಇ ಕೇಳಿ ಮರ್ಕ್ ಕಂಪನಿಗೆ ಪತ್ರ ಬರೆದ. ಅವರ ಬಳಿಯೂ ಇದ್ದದ್ದು ಕೆಲವೇ ಗ್ರಾಂ.

ಸೆಪ್ಟೆಂಬರ್ 21ರಂದು ಆಕೆಗೆ ಮೊದಲ ಚುಚ್ಚುಮದ್ದು ಬಿತ್ತು, 100 ಮಿಲಿಗ್ರಾಂ. ಅಂದಿನ ಲೆಕ್ಕದಲ್ಲಿ ಅದು ಧಾರಾಳವಾದ ಪ್ರಮಾಣ. ಆ ಧೈರ್ಯವೇ ಇತಿಹಾಸವನ್ನು ತಿರುಗಿಸಿತೆಂದು ನನ್ನ ಎಣಿಕೆ. ಜಿಪುಣತನ ಮಾಡಿ ಅದರ ಕಾಲುಭಾಗ ಕೊಟ್ಟಿದ್ದರೆ ಏನೂ ಆಗದೆ ಕಾಂಪೌಂಡ್ ಇ ಕಪಾಟು ಸೇರಿಬಿಡುತ್ತಿತ್ತು. ಮೊದಲ ದಿನ ಏನೂ ಕಾಣಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎಚ್ಚರವಾದಾಗ ಆಕೆ ಸಲೀಸಾಗಿ ಮಗ್ಗುಲು ಹೊರಳಿದಳು. ಆಮೇಲೆ ಕೈ ತಲೆಯವರೆಗೆ ಎತ್ತಿದಳು, ನಡೆದಳು. ಸೆಪ್ಟೆಂಬರ್ 28ರಂದು ಪೇಟೆಗೆ ಹೋಗಿ ಮೂರು ಗಂಟೆ ಅಂಗಡಿ ಅಂಗಡಿ ತಿರುಗಿ ಬಂದಳು.

ಹೆಂಚ್ ಕುಣಿದಾಡಲಿಲ್ಲ, ಸುದ್ದಿಯನ್ನು ಗುಟ್ಟಾಗಿಟ್ಟ. ಸಹೋದ್ಯೋಗಿಗಳಾದ ಸ್ಲೋಕಂಬ್, ಪಾಲಿ ಅವರೊಡನೆ ಇನ್ನಷ್ಟು ರೋಗಿಗಳಲ್ಲಿ ಪರೀಕ್ಷಿಸಿ, 1949ರ ಏಪ್ರಿಲಿನಲ್ಲಿ 14 ರೋಗಿಗಳ ವಿವರವನ್ನು ಮುಂದಿಟ್ಟ. ಚಿಕಿತ್ಸೆಗೆ ಮೊದಲು ಕುರ್ಚಿಯಿಂದ ಏಳಲಾರದವರು ಆಮೇಲೆ ಮೆಟ್ಟಿಲು ಹತ್ತಿ ಇಳಿಯುವ ಚಲನಚಿತ್ರ ನೋಡಿದ ವೈದ್ಯರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಪತ್ರಿಕೆಗಳು ಪವಾಡವೆಂದು ಸಾರಿದವು. 1950ರ ನೊಬೆಲ್ ಪ್ರಶಸ್ತಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಮೂವರಿಗೂ ಹಂಚಿಕೆಯಾಯಿತು. ಕಾಂಪೌಂಡ್ ಇಗೆ ಆಗಲೇ ಕಾರ್ಟಿಸೋನ್ ಎಂದು ನಾಮಕರಣವಾಗಿತ್ತು.

ಆ ಪ್ರಶಸ್ತಿಯ ವೇದಿಕೆಯಲ್ಲಿ ನಿಂತೂ ಹೆಂಚ್ ಇದು ರೋಗವನ್ನು ಬುಡಸಮೇತ ಕೀಳುವ ಮದ್ದಲ್ಲವೆಂದೇ ಹೇಳಿದ. ಈ ಹಾರ್ಮೋನು ಬೆಂಕಿಯನ್ನು ಆರಿಸುವುದಿಲ್ಲ, ಬೆಂಕಿ ತಾಗದ ಅಂಗಿಯನ್ನು ಊತಕಗಳಿಗೆ ತೊಡಿಸುತ್ತದೆ ಎಂಬುದು ಅವನ ವಿವರಣೆಯ ಸಾರ. ಅಂಗಿ ಕಳಚಿದರೆ ಉರಿ ಅಲ್ಲಿಯೇ ಇರುತ್ತದೆ. ಹಾಗೆಯೇ ಆಯಿತು. ಔಷಧ ನಿಲ್ಲಿಸಿದವರಿಗೆ ನೋವು ಮರುಕಳಿಸಿತು. ಬಹುಕಾಲ ತೆಗೆದುಕೊಂಡವರ ಮುಖ ಚಂದ್ರನಂತೆ ಗುಂಡಗಾಯಿತು, ಮೂಳೆ ಟೊಳ್ಳಾಯಿತು, ಸಕ್ಕರೆ ಏರಿತು, ಕೆಲವರ ಬುದ್ಧಿಯೇ ಕಲಕಿತು. ಎಲ್ಲಕ್ಕಿಂತ ಮಿಗಿಲಾಗಿ, ಸೋಂಕಿಗೆ ಬಾಗಿಲು ತೆರೆಯಿತು: ಅಡಗಿದ್ದ ಕ್ಷಯ ತಲೆಯೆತ್ತಿತು, ಹರ್ಪಿಸ್ ವೈರಸ್ ಕಣ್ಣನ್ನೇ ತಿಂದ ಉದಾಹರಣೆಗಳಾದವು. ಉರಿಯೂತ ದೇಹದ ಕಾವಲೂ ಹೌದಷ್ಟೆ. ಕಾವಲುಗಾರನನ್ನು ಮಲಗಿಸಿದರೆ ಕಳ್ಳನಿಗೆ ಸುಗ್ಗಿ. ವೈರಸ್ ಜ್ವರದಲ್ಲಿ ಕಾರ್ಟಿಸೋನ್ ಬಳಗದ ಸ್ಟೀರಾಯ್ಡ್ ಮುಟ್ಟಬೇಡಿ ಎಂಬ ಮಾತು ವೈದ್ಯಕೀಯ ಪಾಠಗಳಲ್ಲಿ ಹಾಗೆ ಬೇರೂರಿತು.

ಹೆಂಚ್‌ಗೆ ವೈರಸ್ ರೋಗದ ನಂಟು ಇನ್ನೊಂದು ಬಗೆಯಲ್ಲಿ ಇತ್ತು. ವಾಲ್ಟರ್ ರೀಡ್ ತಂಡ ಕ್ಯೂಬಾದಲ್ಲಿ ನಡೆಸಿದ ಹಳದಿ ಜ್ವರದ ಪ್ರಯೋಗಗಳ ಇತಿಹಾಸದ ಹುಚ್ಚು ಅವನಿಗೆ. ಬದುಕಿದ್ದ ಸ್ವಯಂಸೇವಕರನ್ನು ಹುಡುಕಿ ಮಾತಾಡಿಸಿದ, ಪ್ರಯೋಗ ನಡೆದ ಶಿಬಿರದ ಜಾಗವನ್ನು ಪತ್ತೆಮಾಡಿದ, ಪತ್ರಗಳನ್ನು ಕಲೆಹಾಕಿದ. ಆ ಸಂಗ್ರಹ ಇಂದು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದೆ. ಮನುಷ್ಯರಲ್ಲಿ ವೈರಸ್ಸಿನಿಂದ ಬರುತ್ತದೆಂದು ಮೊಟ್ಟಮೊದಲು ಸಿದ್ಧವಾದ ರೋಗ ಅದೇ ಹಳದಿ ಜ್ವರ. ತನ್ನ ಕೀಲುಮದ್ದಿಗೂ ವೈರಸ್ಸಿಗೂ ಒಂದು ದಿನ ಸಂಬಂಧ ಕುದುರೀತೆಂದು ಅವನು ಕನಸಿನಲ್ಲೂ ನೆನೆದಿರಲಿಕ್ಕಿಲ್ಲ. 1965ರಲ್ಲಿ ತೀರಿಕೊಂಡ.

ನಡುವಿನ ದಶಕಗಳದು ಬೇಗ ಹೇಳಿ ಮುಗಿಸಬಹುದಾದ ಕಥೆ. 1950ರ ದಶಕ ಮುಗಿಯುವ ಹೊತ್ತಿಗೆ, ದೇಹದ ಸ್ವಂತ ಹಾರ್ಮೋನಿಗಿಂತ ಸುಮಾರು 25 ಪಟ್ಟು ಬಲವಾದ, ಕಾರ್ಟಿಸೋನ್ ಬಳಗದ್ದೇ ಆದ ಡೆಕ್ಸಾಮೆಥಾಸೋನ್ ತಯಾರಾಯಿತು. ಉರಿಯೂತದ ಸಂದೇಶ ಹೊತ್ತು ಓಡಾಡುವ ಸೈಟೊಕೈನ್‌ಗಳು ಒಂದೊಂದಾಗಿ ಪತ್ತೆಯಾದವು. ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ, ಮಾರ್ಕ್ ಫೆಲ್ಡ್‌ಮನ್ ಜೊತೆಗೂಡಿ, ಟಿಎನ್‌ಎಫ್ ಎಂಬ ಒಂದೇ ಸೈಟೊಕೈನನ್ನು ತಡೆದರೆ ಸಂಧಿವಾತ ಮಣಿಯುವುದೆಂದು 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯ ರೋಗಿಗಳಲ್ಲಿ ತೋರಿಸಿದರು. ಜಪಾನಿನ ತದಮಿತ್ಸು ಕಿಶಿಮೊಟೊ ಬಳಗದ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಸೈಟೊಕೈನಿನ ಸಂಶೋಧನೆಯಿಂದ ಟೊಸಿಲಿಜುಮ್ಯಾಬ್ ಬಂತು. ಇವು ಕೀಲಿನ ಉರಿಗೆ ಬಳಕೆಯಾದ ಔಷಧಗಳು.

ವೈರಸ್ ತಾನೇ ಕೀಲಿಗೆ ಬಂದಾಗ ಹೇಗಿರುತ್ತದೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 1952ರಲ್ಲಿ ಇಂದಿನ ಟಾಂಜಾನಿಯಾದ ಮಾಕೊಂಡೆ ಪ್ರಸ್ಥಭೂಮಿಯಲ್ಲಿ ಗುರುತಿಸಲಾದ ಚಿಕುನ್‌ಗುನ್ಯಾ 2006ರಲ್ಲಿ ಕರ್ನಾಟಕದಲ್ಲಿ ಹಬ್ಬಿ, ಆ ಒಂದೇ ವರ್ಷ ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ದಾಖಲಾದವು. ದೇಶದಲ್ಲಿ ಅತಿ ಹೆಚ್ಚು ನಮ್ಮಲ್ಲಿಯೇ. ಜ್ವರ ವಾರದಲ್ಲಿ ಬಿಟ್ಟಿತು, ಪಾದದ ಗಂಟು, ಮಣಿಕಟ್ಟುಗಳ ಊತ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಬಿಡಲಿಲ್ಲ. ಗದ್ದೆಗಿಳಿಯಬೇಕಾದವರು ಜಗಲಿಯಲ್ಲಿ ಕೂತರು.

ಹೆಂಚ್‌ನ ಔಷಧದ ಬಳಗಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು ಕೋವಿಡ್ ಕಾಲದಲ್ಲಿ. ಮೊದಲ ವಾರ ವೈರಸ್ ಬೆಳೆಯುತ್ತದೆ. ಎರಡನೆಯ ವಾರ ಉಸಿರು ಕಟ್ಟುವವರಲ್ಲಿ ಶ್ವಾಸಕೋಶವನ್ನು ಸುಡುವುದು ಬಹುಮಟ್ಟಿಗೆ ದೇಹದ್ದೇ ಉರಿಯೂತ. ಅದನ್ನು ತಗ್ಗಿಸಬೇಕೋ ಬಾರದೋ ಎಂದು ವೈದ್ಯಲೋಕ ಇಬ್ಭಾಗವಾಗಿದ್ದಾಗ ಆಕ್ಸ್‌ಫರ್ಡಿನ ಪೀಟರ್ ಹಾರ್ಬಿ, ಮಾರ್ಟಿನ್ ಲಾಂಡ್ರೆ ನೇತೃತ್ವದ ರಿಕವರಿ ಪ್ರಯೋಗ 2,104 ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟು, ಮಾಮೂಲಿ ಆರೈಕೆ ಪಡೆದ 4,321 ಮಂದಿಯೊಡನೆ ತಾಳೆ ನೋಡಿತು. 2020ರ ಜೂನ್ 16ರಂದು ಫಲಿತಾಂಶ ಹೊರಬಿತ್ತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ 41.4ರಿಂದ ಶೇ 29.3ಕ್ಕೆ ಇಳಿದಿತ್ತು. ಆಮ್ಲಜನಕ ಬೇಕಾದವರಿಗೂ ಲಾಭವಾಗಿತ್ತು. ಆಮ್ಲಜನಕ ಬೇಡದವರಿಗೆ ಲಾಭವಿರಲಿಲ್ಲ. ಅವರಲ್ಲಿ ಔಷಧ ಪಡೆದವರ ಸಾವು ಶೇ 17.8, ಪಡೆಯದವರದು ಶೇ 14. ಮರುವರ್ಷ ಟೊಸಿಲಿಜುಮ್ಯಾಬ್ ಕೂಡ ತೀವ್ರ ರೋಗಿಗಳಲ್ಲಿ ಸಾವನ್ನು ತಗ್ಗಿಸಿತೆಂದು ಅದೇ ಪ್ರಯೋಗ ತೋರಿಸಿತು.

ಫಲಿತಾಂಶದ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡವರು ನಮ್ಮಲ್ಲಿ ಬಹಳ. 2021ರ ಎರಡನೆಯ ಅಲೆಯಲ್ಲಿ ಜ್ವರದ ಮೊದಲ ದಿನದಿಂದಲೇ ಸ್ಟೀರಾಯ್ಡ್ ನುಂಗಿದವರಿದ್ದರು. ಹತ್ತು ದಿನದ ಔಷಧವನ್ನು ತಿಂಗಳುಗಟ್ಟಲೆ ಎಳೆದವರೂ ಇದ್ದರು. ಸಕ್ಕರೆ ಕಾಯಿಲೆಯ ಜೊತೆ ಇಂಥ ಅಳತೆಮೀರಿದ ಬಳಕೆ ಸೇರಿ ಬಂದ ಕಪ್ಪು ಶಿಲೀಂಧ್ರ ಕರ್ನಾಟಕದ ಆಸ್ಪತ್ರೆಗಳಲ್ಲಿ ಕಣ್ಣುಗಳನ್ನೂ ಜೀವಗಳನ್ನೂ ತೆಗೆದುಕೊಂಡಿತು. ಆದ್ದರಿಂದ ಓದುಗರಲ್ಲಿ ಒಂದೇ ಬಿನ್ನಹ: ಜ್ವರಕ್ಕಾಗಲಿ ಕೀಲುನೋವಿಗಾಗಲಿ ಸ್ಟೀರಾಯ್ಡ್ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ವೈದ್ಯರು ಬರೆದುಕೊಟ್ಟು ಬಹುದಿನ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂ ಬೇಡಿ.